ಯಾರ ಜಗಳ ಎಂದು ಕೇಳಿದ್ದಕ್ಕೆ

ಅಮದಳ್ಳಿ, ಕಾರವಾರ

ಮಗಳೇ,

ಮೊನ್ನೆ ರಾತ್ರಿ ಊಟದ ಹೊತ್ತಿಗೆ ಆದದ್ದನ್ನು ಮತ್ತೆ ಬರೆಯುವುದಿಲ್ಲ. ನಾನು ಏಳುವ ಮೊದಲೇ ನೀನು ರೈಲು ಹತ್ತಿದ್ದೆ. ಶಾಂತಿಪಡೆಯ ಡಾಕ್ಟರಾಗಿ ದಕ್ಷಿಣ ಸುಡಾನಿಗೆ ಹೊರಟ ನಿನಗೆ ‘ಗಡಿ ಕಾಯುವುದಾದರೆ ಹೋಗು, ಯಾರದೋ ದೇಶದ ಜಗಳಕ್ಕೆ ನೀನು ಯಾಕೆ?’ ಎಂದೆನಲ್ಲ, ಆ ಮಾತು ನನ್ನದಲ್ಲ. ಅದನ್ನು ನಾನು ಮೊದಲು ಕೇಳಿದ್ದು 1988ರ ಡಿಸೆಂಬರಿನಲ್ಲಿ, ನಮ್ಮ ಕ್ರಾಸಿನ ಚಹಾದಂಗಡಿಯಲ್ಲಿ.

ಅಂದು ನಿನ್ನ ದೊಡ್ಡಪ್ಪ ಲಂಕೆಯಿಂದ ಗಾಯಗೊಂಡು, ಪುಣೆಯಲ್ಲಿ ಕೃತಕ ಕಾಲು ಹಾಕಿಸಿಕೊಂಡು ಊರಿಗೆ ಬರುವ ದಿನ. ಕರೆದುಕೊಂಡು ಬರಬೇಕಾದವನು ನಾನು. ರಂಪಣಿ ಬಲೆಗೆ ಬಂಗಡೆ ಸಿಕ್ಕಿತ್ತು, ಅರ್ಧಕ್ಕೆ ಹಗ್ಗ ಬಿಟ್ಟು ಹೋಗಲಾಗದೆ ಒಂದು ತಾಸು ತಡವಾಯಿತು. ಸೈಕಲ್ ತುಳಿದುಕೊಂಡು ಹೋದಾಗ ಅಣ್ಣ ಟ್ರಂಕನ್ನು ಪಕ್ಕದಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದ. ಯಾರೋ ಕೇಳಿದರು, ‘ಕಾಶ್ಮೀರದಲ್ಲಿ ಆದದ್ದಾ?’ ಅಣ್ಣ ‘ಅಲ್ಲ, ಜಾಫ್ನಾ ಹತ್ತಿರ, ನೆಲಬಾಂಬು’ ಎಂದ. ‘ಓ, ಲಂಕೆಯದಾ? ಅವರ ಜಗಳಕ್ಕೆ ನಮ್ಮವರು ಯಾಕೆ ಹೋಗಬೇಕಿತ್ತೋ’ ಎಂದು ಆ ಮನುಷ್ಯ ಪೇಪರಿಗೆ ಮರಳಿದ. ಅಣ್ಣ ನನ್ನ ಮುಖ ನೋಡಿದ. ನಾನು ಏನಾದರೂ ಹೇಳಬೇಕಿತ್ತು. ‘ಹೊತ್ತಾಯಿತು, ನಡೆ’ ಎಂದು ಟ್ರಂಕನ್ನು ಕ್ಯಾರಿಯರಿಗೆ ಕಟ್ಟಿದೆ.

ಕಾಲು ಕಳೆದುಕೊಂಡು ಬಂದವನಿಗೆ ನಡೆ ಎಂದೆ. ಸೈಕಲ್ ತಳ್ಳಿಕೊಂಡು ನಾನು ಮುಂದೆ, ಅವನು ಹಿಂದೆ. ಜಲ್ಲಿಯ ಮೇಲೆ ಒಂದು ಹೆಜ್ಜೆ ಭಾರವಾಗಿ, ಒಂದು ಹಗುರವಾಗಿ ಕೇಳುತ್ತಿತ್ತು. ಮನೆ ಮುಟ್ಟುವವರೆಗೂ ನಾನು ತಿರುಗಿ ನೋಡಲಿಲ್ಲ. ನನ್ನ ಕೈಯಲ್ಲಿ ಇನ್ನೂ ಬಂಗಡೆಯ ಹುರುಪೆ ಅಂಟಿಕೊಂಡಿತ್ತು, ಅದನ್ನೇ ಉಜ್ಜುತ್ತಾ ನಡೆದೆ.

ಅದು ಬೇರೆ, ಇದು ಬೇರೆ ಎಂದು ನೀನು ಹೇಳಿದ್ದು ಸರಿ. ಲಂಕೆಗೆ ನಮ್ಮ ಸೈನ್ಯ ಹೋದದ್ದು ಎರಡೂ ಸರ್ಕಾರಗಳ 1987ರ ಒಪ್ಪಂದದ ಮೇಲೆ, ನೀನು ಹೋಗುತ್ತಿರುವುದು ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆಯಲ್ಲಿ. ಲಂಕೆಯಲ್ಲಿ ನಮ್ಮ ಸುಮಾರು 1200 ಯೋಧರು ಸತ್ತರು. ಆದರೆ ಅಂಗಡಿಯ ಬೆಂಚಿಗೆ ಎರಡೂ ಒಂದೇ, ಪರದೇಶದ ಜಗಳ. ನಮ್ಮ ಜನ ಸೈನಿಕರನ್ನು ಗೌರವಿಸದವರಲ್ಲ. ಸೀಬರ್ಡ್ ನೌಕಾನೆಲೆಗೆ ಗದ್ದೆ, ದಡ ಬಿಟ್ಟುಕೊಟ್ಟ ಊರುಗಳು ನಮ್ಮವು. ಚೆಂಡಿಯಾದ ಮೇಜರ್ ರಾಮಾ ರಾಘೋಬಾ ರಾಣೆಯವರ ಹೆಸರು ಇಲ್ಲಿನ ಮಕ್ಕಳಿಗೂ ಗೊತ್ತು, 1948ರಲ್ಲಿ ರಜೌರಿಯ ದಾರಿ ತೆರೆದು ಪರಮವೀರ ಚಕ್ರ ಪಡೆದವರು. ಅದೇ ಪರಮವೀರ ಚಕ್ರವನ್ನು 1961ರಲ್ಲಿ ಕಾಂಗೋದಲ್ಲಿ ಪ್ರಾಣಕೊಟ್ಟ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೂ ಕೊಟ್ಟರು. ಅವರ ಹೆಸರು ಯಾರಿಗೆ ಗೊತ್ತಿದೆ? ಕೊಡಗಿನ ಜನರಲ್ ತಿಮ್ಮಯ್ಯನವರು ನಮ್ಮವರೆಂದು ಹೆಮ್ಮೆಪಡುತ್ತೇವೆ. ಅವರು ತೀರಿಕೊಂಡದ್ದು 1965ರಲ್ಲಿ ಸೈಪ್ರಸ್‌ನಲ್ಲಿ, ಶಾಂತಿಪಡೆಯ ದಂಡನಾಯಕರಾಗಿದ್ದಾಗ. ಅದನ್ನು ಯಾರೂ ಹೇಳುವುದಿಲ್ಲ. ವಿಶ್ವಸಂಸ್ಥೆಯ ಕೆಲಸದಲ್ಲಿ ಸುಮಾರು 180 ಭಾರತೀಯರು ಸತ್ತಿದ್ದಾರೆ. ಇಷ್ಟು ಜನರನ್ನು ಕಳೆದುಕೊಂಡ ದೇಶಗಳು ಬಹಳ ಕಡಿಮೆ. ಗಡಿಯಲ್ಲಿ ಸತ್ತರೆ ಊರೇ ಸೇರುತ್ತದೆ, ಅಲ್ಲಿ ಸತ್ತರೆ ಮನೆಯವರು ಮೊದಲು ಭೂಪಟ ತೆರೆದು ತೋರಿಸಬೇಕಾಗುತ್ತದೆ. ಇದು ತಪ್ಪು, ಮಗಳೇ. ಆ ತಪ್ಪನ್ನು ನಾನು ಮನೆಯೊಳಗೇ ಮಾಡಿದೆ.

ಎಲ್ಲ ಕರೆಗೂ ಹೋಗಬೇಕೆಂದು ಈಗಲೂ ನಾನು ಹೇಳುವುದಿಲ್ಲ. 2003ರಲ್ಲಿ ಇರಾಕಿಗೆ ಸೈನ್ಯ ಕಳುಹಿಸಿ ಎಂದು ಅಮೆರಿಕ ಕೇಳಿದಾಗ ಬೇಡ ಎಂದವರಲ್ಲಿ ನಾನೂ ಒಬ್ಬ. ಸರ್ಕಾರವೂ ವಿಶ್ವಸಂಸ್ಥೆಯ ಆದೇಶವಿಲ್ಲದೆ ಕಳುಹಿಸುವುದಿಲ್ಲ ಎಂದಿತು, ಅದು ಸರಿಯಾಗಿತ್ತು. ಆದರೆ ನೀನು ಹೋಗುತ್ತಿರುವುದು ದಕ್ಷಿಣ ಸುಡಾನಿನ ಮಲಕಾಲ್‌ಗೆ, ನಮ್ಮವರೇ ನಡೆಸುವ ಆಸ್ಪತ್ರೆಗೆ. ಯಾರ ಜಗಳವಾದರೇನು, ಗಾಯಕ್ಕೆ ಹೊಲಿಗೆ ಹಾಕುವ ಕೈ ಬೇಕಲ್ಲ!

ಹೆದರಿಕೆ ಮಾತ್ರ ಹೋಗಿಲ್ಲ. 2013ರ ಏಪ್ರಿಲಿನಲ್ಲಿ ಆ ದೇಶದ ಜೊಂಗ್ಲೆಯಲ್ಲಿ ನಮ್ಮ ಐವರು ಯೋಧರು ಹೊಂಚುದಾಳಿಗೆ ಬಲಿಯಾದದ್ದನ್ನೂ, 2016ರ ಫೆಬ್ರವರಿಯಲ್ಲಿ ಮಲಕಾಲ್‌ನಲ್ಲಿ ನಿರಾಶ್ರಿತರ ಶಿಬಿರದ ಮೇಲೇ ದಾಳಿಯಾದದ್ದನ್ನೂ ನಿನ್ನೆ ಓದಿದೆ. ಆಯಿಗೆ ಹೇಳಿಲ್ಲ, ನೀನೂ ಹೇಳಬೇಡ. ಮಲೇರಿಯಾ ಮಾತ್ರೆ ತಪ್ಪಿಸಬೇಡ. ನೀರು ಕುದಿಸಿಯೇ ಕುಡಿ. ಒಬ್ಬಳೇ ಎಲ್ಲಿಗೂ ಹೊರಡಬೇಡ. ಸಿಟ್ಟು ಬಂದರೆ ಊಟ ಬಿಟ್ಟು ಏಳಬೇಡ. ಡಾಕ್ಟರಿಗೆ ಇದನ್ನೆಲ್ಲ ಹೇಳುತ್ತಿದ್ದೇನೆ ಎಂದು ಗೊತ್ತು, ಆದರೂ ಹೇಳುತ್ತೇನೆ.

ನಿನ್ನೆ ಸಂಜೆ ದೊಡ್ಡಪ್ಪ ಜಗಲಿಗೆ ಬಂದು ನಿನ್ನ ಹಳೆಯ ಶಾಲೆಯ ಅಟ್ಲಾಸ್ ಕೇಳಿದ. ಇಷ್ಟು ವರ್ಷಗಳಲ್ಲಿ ಲಂಕೆಯ ಒಂದು ಮಾತೂ ಆಡದವನು ಬಿಳಿ ನೈಲ್ ನದಿಯ ಗೆರೆಯ ಮೇಲೆ ಬೆರಳಿಟ್ಟು ಮಲಕಾಲ್ ಹುಡುಕಿದ. ‘ನದಿ ದಡದಲ್ಲೇ ಇದೆ, ಮಳೆಗಾಲದಲ್ಲಿ ದಾರಿ ಇರುತ್ತದಾ ಕೇಳು’ ಎಂದ. ನಿನ್ನ ಮೊದಲ ಪತ್ರ ನನಗೆ ಬೇಡ, ಅವನ ಹೆಸರಿಗೆ ಬರೆ. ದಾರಿಯ ವಿಷಯ ವಿವರವಾಗಿ ಬರೆ.

ನಿನ್ನ
ಅಪ್ಪ