ಹವ್ಯಾಸಿ ಸಂಘಗಳಿಗೂ ಒಂದು ಕೋಣೆ ಬೇಕು

ಮಾನ್ಯ ಸಂಪಾದಕರೇ,

ಮಕ್ಕಳ ಬೇಸಿಗೆ ಶಿಬಿರಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಶಿಬಿರ ಹದಿನೈದು ದಿನಕ್ಕೆ ಮುಗಿದುಹೋಗುತ್ತದೆ. ವರ್ಷವಿಡೀ ನಡೆಯುವ ಹವ್ಯಾಸಿ ಸಂಘಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮನೆ ಮಲ್ಲೇಶ್ವರಂ ಸ್ಟೇಷನ್ ಹತ್ತಿರ. ಮೀಟರ್ ಗೇಜ್ ಕಾಲದಿಂದಲೂ ರೈಲಿನ ಸದ್ದು ಕೇಳಿಕೊಂಡೇ ಬೆಳೆದವನು. ನಿವೃತ್ತಿಯಾದಾಗ ಮಗಳು ಒಂದು ಮಾಡೆಲ್ ರೈಲಿನ ಸೆಟ್ ಕೊಡಿಸಿದಳು. ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಅಳತೆಯದು. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಇರುವುದರಿಂದ ಲೆಕ್ಕಕ್ಕೆ 19 ದಾಟಬೇಕು. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಹೊರದೇಶದ ಗೇಜಿನ ಹಳಿಯೇ.

ಸೆಟ್ಟಿನಲ್ಲಿದ್ದ ದುಂಡು ಹಳಿ ಎರಡೇ ದಿನಕ್ಕೆ ಸಾಕಾಯಿತು. ಹೋದ ರೈಲು ಸುತ್ತಿಕೊಂಡು ಅದೇ ದಾರಿಯಲ್ಲಿ ವಾಪಸ್ ಬರಲಿ ಅಂತ ಇನ್ನಷ್ಟು ಹಳಿ ತಂದು ತುದಿಯಲ್ಲಿ ಕುಣಿಕೆಯ ಹಾಗೆ ಜೋಡಿಸಿದೆ. ಕೊನೆಯ ತುಂಡು ಕೂಡಿಸಿದ ಕೂಡಲೇ ಕರೆಂಟ್ ಹೋಯಿತು. ಇಂಜಿನ್ ಅಲ್ಲಾಡಲಿಲ್ಲ. ಟ್ರಾನ್ಸ್‌ಫಾರ್ಮರ್ ಕೆಟ್ಟಿದೆ ಅಂತ ಹೊಸದು ತಂದೆ. ಅದೂ ಹಾಗೇ ಆಯಿತು. ಜೀವನವಿಡೀ ವೈರು, ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚು) ನೋಡಿದವನಿಗೂ ತಪ್ಪು ಎಲ್ಲಿದೆ ಅಂತ ಹೊಳೆಯಲಿಲ್ಲ. ಡಬ್ಬ ಅಟ್ಟ ಸೇರಿತು. ಎರಡು ವರ್ಷ ಅಲ್ಲೇ ಇತ್ತು.

ಆಮೇಲೆ ಗೆಳೆಯರೊಬ್ಬರು ರಾಜಾಜಿನಗರದಲ್ಲಿ ಒಂದು ಮನೆಯ ಮಹಡಿಗೆ ಕರೆದುಕೊಂಡು ಹೋದರು. ಇಂಥದ್ದೇ ಹುಚ್ಚಿನ ಏಳು ಜನ ಅಲ್ಲಿ ಸೇರುತ್ತಿದ್ದರು. ನನ್ನ ಕಥೆ ಹೇಳಿದೆ. ಅಪ್ಪನ ಜೊತೆ ಬಂದಿದ್ದ ಎಂಟನೇ ತರಗತಿಯ ಹುಡುಗಿ ಎರಡು ಸ್ಕೆಚ್ ಪೆನ್ ತೆಗೆದುಕೊಂಡಳು. ಎಡಗಡೆ ಹಳಿಗೆ ಕೆಂಪು, ಬಲಗಡೆ ಹಳಿಗೆ ನೀಲಿ ಅಂತ ಹಳೇ ಪೇಪರಿನ ಮೇಲೆ ಗೆರೆ ಎಳೆಯುತ್ತಾ ಕುಣಿಕೆ ಸುತ್ತಿ ಬಂದಳು. "ತಾತಾ, ನೋಡಿ, ಕೆಂಪು ಬಂದು ನೀಲಿಗೇ ಸೇರ್ತಿದೆ" ಅಂದಳು. ಈ ರೈಲಿಗೆ ಕರೆಂಟ್ ಬರುವುದು ಹಳಿಗಳಿಂದಲೇ, ಒಂದು ಹಳಿ ಪ್ಲಸ್ಸು, ಇನ್ನೊಂದು ಮೈನಸ್ಸು. ಕುಣಿಕೆ ಸುತ್ತಿ ಬಂದ ಪ್ಲಸ್ಸು ಮೈನಸ್ಸಿಗೆ ತಾಗುತ್ತಿತ್ತು, ಅಷ್ಟೇ. ಕುಣಿಕೆಯ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ ಪ್ಲಾಸ್ಟಿಕ್ ಜೋಡಣೆ ಹಾಕಿದೆವು. ಪ್ಲಸ್ಸು ಮೈನಸ್ಸು ಅದಲುಬದಲು ಮಾಡುವ ಒಂದು ಸ್ವಿಚ್ಚನ್ನು ಎಸ್.ಪಿ. ರೋಡಿನಿಂದ ತಂದು ಕೂರಿಸಿದೆವು. ಎರಡು ವರ್ಷ ಅಟ್ಟದಲ್ಲಿದ್ದ ರೈಲು ಆ ಭಾನುವಾರ ಓಡಿತು.

ಆ ಹುಡುಗಿಗೆ ಈಗ ನಾನು ಸಾಲ್ಡರಿಂಗ್, ಅಂದರೆ ಸೀಸ ಕರಗಿಸಿ ತಂತಿ ಬೆಸೆಯುವುದನ್ನು, ಹೇಳಿಕೊಡುತ್ತಿದ್ದೇನೆ. ಮೊದಲು ತಂತಿ ಬಿಸಿಯಾಗಬೇಕು, ಸೀಸ ತಾನಾಗೇ ಹರಿಯಬೇಕು. ಇದನ್ನು ನನಗೆ ಹಿರಿಯರೊಬ್ಬರು ಹೀಗೆಯೇ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದರು. ಪಕ್ಕದಲ್ಲಿ ಕೂರುವವರು ಬೇಕು, ಅಲ್ವಾ? ಅರವತ್ತು ದಾಟಿದವನೂ ಹದಿಮೂರರ ಹುಡುಗಿಯೂ ಒಂದೇ ಮೇಜಿನಲ್ಲಿ ಒಬ್ಬರಿಂದೊಬ್ಬರು ಕಲಿಯುವ ಜಾಗ ಈ ಊರಿನಲ್ಲಿ ಬೇರೆ ಎಲ್ಲಿದೆ?

ನಾವೀಗ ಒಂಬತ್ತು ಜನ. ಫ್ಲಾಟಿನಲ್ಲಿ ಇರುವವರಿಗೆ ಇಡೀ ರೈಲು ಮಾರ್ಗ ಇಡಲು ಜಾಗವಿಲ್ಲ. ಹಾಗಾಗಿ ಒಬ್ಬೊಬ್ಬರೂ ನಾಲ್ಕು ಅಡಿ ಉದ್ದದ ಒಂದು ಹಲಗೆ ಮಾಡುತ್ತೇವೆ. ತುದಿಗಳಲ್ಲಿ ಹಳಿಯ ಎತ್ತರ ಎಲ್ಲರದ್ದೂ ಒಂದೇ ಇರಬೇಕು. ಸೇರಿದ ದಿನ ಬೋಲ್ಟ್ ಹಾಕಿ ಕೂಡಿಸುತ್ತೇವೆ. ಸಕಲೇಶಪುರದ ಕಡೆಯ ಸದಸ್ಯರೊಬ್ಬರು ತಮ್ಮ ಹಲಗೆಯಲ್ಲಿ ಸುಬ್ರಹ್ಮಣ್ಯ ಘಾಟ್ ಮಾಡಲು ಹೊರಟರು. ಆ ಘಾಟಿಯಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. ಅದೇ ಏರು ಕೊಟ್ಟರೆ ನಾಲ್ಕು ಅಡಿಗೆ ಹತ್ತಿರ ಹತ್ತಿರ ಒಂದು ಇಂಚು ಮೇಲೇಳುತ್ತದೆ. ಪಕ್ಕದ ಹಲಗೆಗೆ ಕೂಡುವುದೇ ಇಲ್ಲ. ಎರಡು ತಿಂಗಳು ತಲೆ ಕೆಡಿಸಿಕೊಂಡರು. ನಮ್ಮಲ್ಲಿ ಮರಗೆಲಸ ಮಾಡುವವರು ಒಬ್ಬರಿದ್ದಾರೆ. ಅವರು ಸುಮ್ನೆ ನೋಡುತ್ತಾ ನಿಂತಿದ್ದವರು, "ಹಳಿ ಏರಿಸೋದು ಬೇಡ ಸಾರ್, ನೆಲಾನೇ ತಗ್ಗಿಸಿ" ಅಂದರು. ಹಲಗೆಯ ಮುಂಭಾಗ ಕೊರೆದು, ಥರ್ಮೋಕೋಲಿನಲ್ಲಿ ಕಣಿವೆ ಮಾಡಿ, ಮೇಲೆ ಸೇತುವೆ ನಿಲ್ಲಿಸಿದರು. ಹಳಿ ಮಟ್ಟವಾಗೇ ಇದೆ. ನೋಡಿದವರಿಗೆ ಮಾತ್ರ ರೈಲು ಬೆಟ್ಟದ ಮೇಲೆ ಹೋದ ಹಾಗೆ ಕಾಣುತ್ತದೆ.

ಇದನ್ನು ಆಟ ಅನ್ನುವವರಿಗೆ ಒಂದು ಮಾತು. ಅಮೆರಿಕದ ಎಂಐಟಿ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1946ರಿಂದ ವಿದ್ಯಾರ್ಥಿಗಳ ಮಾಡೆಲ್ ರೈಲು ಕ್ಲಬ್ ಇದೆ. ಅವರು ತಮ್ಮ ರೈಲುಗಳನ್ನು ಓಡಿಸುತ್ತಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳಿಂದ. ನಾನು ದಿನಾ ಒರೆಸುತ್ತಿದ್ದಂಥವೇ! ಆ ರಿಲೇಗಳ ಜೊತೆ ಗುದ್ದಾಡಿದ ಹುಡುಗರೇ ಮುಂದೆ ಕಂಪ್ಯೂಟರಿಗೆ ಕೈ ಹಾಕಿದರು. ಹ್ಯಾಕರ್ ಅನ್ನುವ ಮಾತು (ಕಳ್ಳ ಅಂತಲ್ಲ, ಯಂತ್ರದ ಒಳಗುಟ್ಟು ಬಿಡಿಸುವ ಜಾಣ ಅಂತ) ಕಂಪ್ಯೂಟರ್ ಜನರ ಬಾಯಿಗೆ ಬಂದದ್ದು ಆ ಕ್ಲಬ್ಬಿನಿಂದ. ಸಾಫ್ಟ್‌ವೇರ್ ಊರು ಅಂತ ಹೆಸರು ಪಡೆದ ಬೆಂಗಳೂರಿಗೆ ಇದು ಗೊತ್ತಿರಬೇಕು.

ನಮ್ಮ ಕಷ್ಟ ಜಾಗದ್ದು. ಬಾಡಿಗೆಗೆ ಕೊಡುವ ಒಂದು ಭವನದಲ್ಲಿ ಕೇಳಿದೆವು. ಒಂದು ಸಂಜೆಗೆ ಮದುವೆಯ ದರವನ್ನೇ ಹೇಳಿದರು. ಅಂಚೆಚೀಟಿ ಸಂಗ್ರಹಿಸುವವರು, ಪಕ್ಷಿ ನೋಡುವವರು, ಚೆಸ್ ಆಡುವವರು ಸಿಕ್ಕಾಗಲೂ ಇದೇ ಗೋಳು ಕೇಳುತ್ತೇನೆ. ಭಾನುವಾರ ಸಂಜೆ ಎಷ್ಟೋ ಸಮುದಾಯ ಭವನಗಳಿಗೆ, ಸರ್ಕಾರಿ ಶಾಲೆಗಳಿಗೆ ಬೀಗ ಬಿದ್ದಿರುತ್ತದೆ. ಸಣ್ಣ ಶುಲ್ಕಕ್ಕೆ ಮೂರು ಗಂಟೆ ತೆರೆದುಕೊಟ್ಟರೆ ಸಾಕು. ಕಸ ಗುಡಿಸಿ, ದೀಪ ಆರಿಸಿ ಬೀಗದ ಕೈ ವಾಪಸ್ ಕೊಡುವ ಜವಾಬ್ದಾರಿ ಸಂಘದ್ದೇ ಇರಲಿ.

ನಿಮ್ಮಲ್ಲೂ ಒಂದು ಕೇಳಿಕೆ. ‘ನಗರದಲ್ಲಿ ಇಂದು’ ಅಂಕಣದಲ್ಲಿ ಉಪನ್ಯಾಸ, ಹರಿಕಥೆಗಳ ಜೊತೆ ಹವ್ಯಾಸಿ ಸಂಘಗಳ ಸಭೆಗೂ ಎರಡು ಸಾಲು ಕೊಡಿ. ಅಟ್ಟದ ಮೇಲೆ ಡಬ್ಬ ಇಟ್ಟು ಕೂತವರು ಇನ್ನೂ ಎಷ್ಟು ಜನ ಇದ್ದಾರೋ.

ನಮಗೆ ಬೇಕಾಗಿರುವುದು ನಲವತ್ತು ಅಡಿ ಉದ್ದದ ಒಂದು ಕೋಣೆ, ಎರಡು ಪ್ಲಗ್ ಪಾಯಿಂಟ್. ಈಗಿನ ಮಹಡಿಯಲ್ಲಿ ಐದು ಹಲಗೆ ಮಾತ್ರ ಹಿಡಿಸುತ್ತದೆ. ಒಂಬತ್ತೂ ಹಲಗೆ ಕೂಡಿಸಿ ರೈಲು ಈ ತುದಿಯಿಂದ ಆ ತುದಿಗೆ ಹೋಗಿದ್ದನ್ನು ನಾವೇ ಇನ್ನೂ ನೋಡಿಲ್ಲ.

– ನಿವೃತ್ತ ದೂರವಾಣಿ ನೌಕರ, ಮಲ್ಲೇಶ್ವರಂ, ಬೆಂಗಳೂರು