ಸಾವಧಾನ್, ವಿಶ್ರಾಮ್ ಮತ್ತು ಶಿವಪ್ಪನಾಯಕನ ಲೆಕ್ಕ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಅವಸರದಲ್ಲಿ ಉತ್ತರ ಕೊಟ್ಟೆ. ಮಗಳ ದೆಹಲಿ ಶಾಲೆಯಿಂದ ‘ಅನುಶಾಸನ್’ ಅಂತ ಹಿಂದಿ ತಲೆಬರಹವಿರುವ ಕಾಗದ ಬಂದಿದೆ, ಅವಳಿಗೆ ಕನ್ನಡದಲ್ಲಿ ಹೇಳಲು ಶಿಸ್ತು ಅಂದರೆ ಸಾಕಾ ಅಂದೆ ನೀನು. ಸಾಕು ಮಾರಾಯ ಅಂದುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ಅದೇ ಗುಂಗು. ಪ್ರೂಫ್ ತಿದ್ದಿ ಬದುಕುವವನಿಗೆ ಒಂದು ಪದ ಸಿಕ್ಕಿಕೊಂಡರೆ ಹಲ್ಲಿನ ಸಂದಿಗೆ ಅಡಿಕೆ ಚೂರು ಹೊಕ್ಕ ಹಾಗೆ.

ಮೊದಲು ನೆನಪಾಗಿದ್ದು ನಮ್ಮ ಶನಿವಾರದ ಡ್ರಿಲ್. ಮಳೆಗಾಲದಲ್ಲಿ ಬಿಳಿ ಕ್ಯಾನ್ವಾಸ್ ಶೂ ಒಣಗುವುದೇ ಇಲ್ಲ ಅಂತ ಒಲೆಯ ಪಕ್ಕ ಇಡುತ್ತಿದ್ದೆವು. ನಿನ್ನದು ಹೊಗೆ ಹಿಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಸೀಮೆಸುಣ್ಣ ತಿಕ್ಕಿ ತಿಕ್ಕಿ, ನಡೆದರೆ ಪುಡಿ ಉದುರುತ್ತಿತ್ತು. ಪಿ.ಟಿ. ಮೇಷ್ಟ್ರು ‘ಸಾವಧಾನ್!’ ಅಂತ ಕೂಗಿದರೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಮನೆಗೆ ಹೋಗಿ ಗಬಗಬನೆ ತಿನ್ನಲು ಕೂತರೆ ಅಜ್ಜಿ, ‘ಸಾವಧಾನವಾಗಿ ತಿನ್ನೋ, ಯಾರೂ ಕಿತ್ತುಕೊಳ್ಳಲ್ಲ’ ಅನ್ನುತ್ತಿದ್ದಳು. ಪದ ಒಂದೇ. ಮೈದಾನದಲ್ಲಿ ಸೆಟೆದು ನಿಲ್ಲು ಅಂತ, ಅಡುಗೆಮನೆಯಲ್ಲಿ ಆರಾಮಾಗಿರು ಅಂತ! ಅವಧಾನ ಅಂದರೆ ಗಮನ. ಅಷ್ಟಾವಧಾನದಲ್ಲಿರುವುದೂ ಅದೇ. ಗಮನವಿಟ್ಟು ಮಾಡುವವನು ನಿಧಾನವಾಗಿಯೇ ಮಾಡುತ್ತಾನೆ ಅಂತ ಕನ್ನಡ ಅದನ್ನು ಆ ಕಡೆಗೆ ಎಳೆದುಕೊಂಡಿರಬೇಕು. ನಾನಂತೂ ಅಜ್ಜಿಯ ಪಕ್ಷ.

ಶಿಕ್ಷೆಯ ಕಥೆ ನಿನಗೇ ಗೊತ್ತು. ನಿಮ್ಮಮ್ಮ ಮೊದಲ ಸಲ ದೆಹಲಿಗೆ ಬಂದಾಗ ‘ಶಿಕ್ಷಾ ನಿದೇಶಾಲಯ’ ಅನ್ನುವ ಬೋರ್ಡನ್ನು ಅಕ್ಷರ ಕೂಡಿಸಿ ಓದಿ, ‘ಇಲ್ಲಿ ಶಿಕ್ಷೆ ಕೊಡೋಕೂ ಒಂದು ಆಫೀಸಾ?’ ಅಂದಿದ್ದರಲ್ಲ. ಸಂಸ್ಕೃತದಲ್ಲಿ ಶಿಕ್ಷಾ ಅಂದರೆ ಕಲಿಕೆ. ವೇದದ ಆರು ಅಂಗಗಳಲ್ಲಿ ಒಂದಾದ ಶಿಕ್ಷಾ, ಉಚ್ಚಾರಣೆಯ ಪಾಠ. ಹಿಂದಿಯವರು ಅದನ್ನು ಹಾಗೇ ಉಳಿಸಿಕೊಂಡರು. ನಾವೂ ಮರಾಠಿಯವರೂ ಕಲಿಕೆಗೆ ಶಿಕ್ಷಣ, ಹೊಡೆತಕ್ಕೆ ಶಿಕ್ಷೆ ಅಂತ ಪಾಲು ಮಾಡಿಕೊಂಡೆವು. ನಮ್ಮ ಕ್ಲಾಸಿನಲ್ಲಿ ಆ ಪಾಲು ಅಷ್ಟೇನೂ ಸರಿಯಾಗಿ ಆಗಿರಲಿಲ್ಲ ಅನ್ನೋದು ಬೇರೆ ಮಾತು.

ಶಾಸನ, ಶಾಸ್ತ್ರ, ಶಾಸ್ತಿ, ಶಿಷ್ಯ, ಶಾಸಕ, ನಿನ್ನ ಅನುಶಾಸನ, ಎಲ್ಲವೂ ಶಾಸ್ ಅನ್ನುವ ಒಂದೇ ಧಾತುವಿನ ಮಕ್ಕಳು. ಕನ್ನಡಕ್ಕೆ ಬಂದ ಮೇಲೆ ಒಬ್ಬೊಬ್ಬರದು ಒಂದೊಂದು ಬುದ್ಧಿ. ತಕ್ಕ ಶಾಸ್ತಿ ಆಯ್ತು ಅಂದರೆ ಒಳಗೊಳಗೇ ಖುಷಿ. ಶಾಸ್ತ್ರಕ್ಕೆ ಒಂದು ತುತ್ತು ತಿಂದೆ ಅಂದರೆ ಸುಮ್ನೆ ಹೆಸರಿಗೆ. ಗಿಣಿ ಹೇಳುವುದೂ ಶಾಸ್ತ್ರವೇ. ಅನುಶಾಸನ ಮಾತ್ರ ನಮ್ಮ ಬಾಯಿಗೆ ಹತ್ತಲಿಲ್ಲ. ಮಹಾಭಾರತದಲ್ಲಿ ಬಾಣದ ಮಂಚದ ಮೇಲೆ ಮಲಗಿದ ಭೀಷ್ಮ ಧರ್ಮರಾಯನಿಗೆ ಬುದ್ಧಿ ಹೇಳುವ ಒಂದು ಭಾಗಕ್ಕೆ ಅನುಶಾಸನ ಪರ್ವ ಅಂತ ಹೆಸರು. 1975ರ ತುರ್ತು ಪರಿಸ್ಥಿತಿಯಲ್ಲಿ ಭೂದಾನ ಚಳವಳಿಯ ವಿನೋಬಾ ಭಾವೆ ಆ ಕಾಲವನ್ನೇ ಅನುಶಾಸನ ಪರ್ವ ಅಂದದ್ದೇ ತಡ, ಸರ್ಕಾರ ಅದನ್ನು ಎತ್ತಿಕೊಂಡು ಮೆರೆಸಿತು. ಆಮೇಲೆ ಅವರೇ ಬಿಡಿಸಿ ಹೇಳಬೇಕಾಯಿತು: ಅನುಶಾಸನ ಆಚಾರ್ಯರದ್ದು, ಸರ್ಕಾರದ್ದು ಬರೀ ಶಾಸನ ಅಂತ. ಅಷ್ಟರಲ್ಲಿ ಹೊತ್ತು ಮೀರಿತ್ತು.

ಈಗ ಶಿಸ್ತಿಗೆ ಬರುತ್ತೇನೆ. ಏಳನೇ ಕ್ಲಾಸಿನಲ್ಲಿ ಮಲೆನಾಡಿನ ನಗರ ಅನ್ನುವ ಊರಿನ ಕೋಟೆಗೆ ಟ್ರಿಪ್ ಹೋಗಿದ್ದೆವಲ್ಲ. ‘ಶಿಸ್ತಿನ ಶಿವಪ್ಪನಾಯಕ’ ಅಂತ ಪಾಠದಲ್ಲಿ ಓದಿದ್ದ ನಾನು, ಆತ ಐದಕ್ಕೆದ್ದು ಇಸ್ತ್ರಿ ಬಟ್ಟೆ ಹಾಕಿಕೊಳ್ಳುತ್ತಿದ್ದ ರಾಜ ಅಂತಲೇ ನಂಬಿದ್ದೆ. ನಗಬೇಡ, ಶೂ ಪಾಲಿಶ್ ಮಾಡ್ತಿದ್ದನಾ ಅಂತ ಕೇಳಿದ್ದು ನೀನು. ಆ ಶಿಸ್ತು ನಡತೆಯದ್ದಲ್ಲ, ಕಂದಾಯದ್ದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. 1645ರಿಂದ 1660ರವರೆಗೆ ಕೆಳದಿ ರಾಜ್ಯ ಆಳಿದ ಅವನು, ಹೊಲಗದ್ದೆಗಳನ್ನು ಮಣ್ಣಿನ ಗುಣ ನೋಡಿ ತರಗತಿ ಮಾಡಿಸಿದ. ಊರೂರಲ್ಲಿ ಒಂದೊಂದು ಗದ್ದೆಯನ್ನು ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, 12 ವರ್ಷ ಬೀಜವೆಷ್ಟು, ಖರ್ಚೆಷ್ಟು, ಬಂದ ಭತ್ತವೆಷ್ಟು ಅಂತ ಬರೆಸಿದ ಎನ್ನುತ್ತದೆ ಹಳೇ ಮೈಸೂರು ಗೆಜೆಟಿಯರ್. ಬೆಳೆಯ ಮೂರನೇ ಒಂದು ಪಾಲು ಅರಮನೆಗೆ. ಆ ನಿಗದಿಯ ಹೆಸರೇ ಶಿಸ್ತು.

12 ವರ್ಷ, ಮಾರಾಯ! ನಮ್ಮಲ್ಲಿ ಸುತ್ತೋಲೆ ಹೊರಡಿಸಲು 12 ನಿಮಿಷ ಸಾಕು. ನನಗೆ ಇಷ್ಟವಾಗುವುದು ಇನ್ನೊಂದು. ಮೂರನೇ ಒಂದು ಅಂತ ಗೆರೆ ಎಳೆದ ಮೇಲೆ ಕೊಡುವವನಿಗೆ ಮಾತ್ರ ಅಲ್ಲ, ತೆಗೆದುಕೊಳ್ಳುವವನಿಗೂ ಅದೇ ಗೆರೆ. ಶಾನುಭೋಗ ಬಂದು ಇನ್ನೊಂದು ಕೊಳಗ ಭತ್ತ ಅಳೆ ಅಂದರೆ, ಶಿಸ್ತು ಇಷ್ಟೇ ಸ್ವಾಮಿ ಅನ್ನಬಹುದಿತ್ತು.

ಅಚ್ಚುಕಟ್ಟು ಕೂಡ ಗದ್ದೆಯಲ್ಲಿ ಸಿಗುವ ಪದ ನೋಡು. ಕೆರೆಯ ತೂಬಿನ ನೀರು ತಲುಪುವ ಜಮೀನೆಲ್ಲ ಅದರ ಅಚ್ಚುಕಟ್ಟು. ನೀರುಗಂಟಿ ಸರದಿಯ ಪ್ರಕಾರ ನೀರು ಬಿಡುತ್ತಾನೆ. ಮನೆ ಅಚ್ಚುಕಟ್ಟಾಗಿದೆ ಅನ್ನುವಾಗ ಆ ನೀರು ಯಾರಿಗೆ ನೆನಪಾಗುತ್ತದೆ? ದಂಡ ಮಾತ್ರ ಹುಟ್ಟಿನಿಂದಲೇ ಕೋಲು. ಕಟ್ಟುವ ದುಡ್ಡು ದಂಡ, ಬರುವ ಸೈನ್ಯ ದಂಡು. ನೀನು ಊರಿಗೆ ಬರುವಾಗ ಇಳಿಯುವ ಬೆಂಗಳೂರು ದಂಡು ಸ್ಟೇಷನ್ನೂ ಅದೇ ವಂಶ.

ನನ್ನ ಮೇಜಿಗೆ ಬರುವ ಶಿಸ್ತುಗಳಲ್ಲಿ ಗದ್ದೆಯ ವಾಸನೆ ಇಲ್ಲ. ನೌಕರನ ಮೇಲೆ ಶಿಸ್ತು ಕ್ರಮ. ಟಿಕೆಟ್ ತಪ್ಪಿದವನು ‘ನಾನು ಪಕ್ಷದ ಶಿಸ್ತಿನ ಸಿಪಾಯಿ’ ಅನ್ನುತ್ತಾನೆ. ಟಿಕೆಟ್ ಸಿಕ್ಕವನು ಹಾಗೆ ಅಂದ ಸಾಲನ್ನು ಒಮ್ಮೆಯೂ ತಿದ್ದಿದ ನೆನಪಿಲ್ಲ. ವಿಶ್ವವಿದ್ಯಾಲಯದಿಂದ ‘ಅಂತರ್‌ಶಿಸ್ತೀಯ ಅಧ್ಯಯನ’ ಬರುತ್ತದೆ. ಇಂಗ್ಲಿಷಿನಲ್ಲಿ ಡಿಸಿಪ್ಲಿನ್ ಅಂದರೆ ಓದಿನ ವಿಭಾಗವೂ ಹೌದು ಅಂತ ನಮ್ಮ ಶಿಸ್ತಿನ ತಲೆಗೂ ಆ ಟೋಪಿ ಹಾಕಿದರು. ಕಿವಿ ಮುಚ್ಚುತ್ತದೆ ಟೋಪಿ, ಆದರೂ ತಿದ್ದದೆ ಬಿಟ್ಟುಬಿಡುತ್ತೇನೆ.

ಹಾಗಾಗಿ ಮಗಳಿಗೆ ಶಿಸ್ತು ಅಂತಲೇ ಹೇಳು, ಜೊತೆಗೆ ಶಿವಪ್ಪನಾಯಕನ ಕಥೆಯನ್ನೂ ಹೇಳು. ಬೆಳಿಗ್ಗೆ ಐದು ನಿಮಿಷ ತಡವಾದರೆ 50 ರೂಪಾಯಿ ದಂಡ ಅಂತ ಆ ಕಾಗದದಲ್ಲಿದೆ ಅಂದೆಯಲ್ಲ. ಸಂಜೆ ಎಷ್ಟು ಗಂಟೆಗೆ ಬಿಡುತ್ತಾರೆ ಅಂತ ಎಲ್ಲಾದರೂ ಬರೆದಿದ್ದಾರಾ ನೋಡು. ಸಹಿ ಹಾಕೋ ಮೊದಲು ಅಷ್ಟು ಕೇಳಬಹುದು ಅಲ್ವಾ?

ಅಮ್ಮನ ಮಂಡಿನೋವು ಹೇಗಿದೆ? ಈ ಸಲ ಮಳೆ ಜಾಸ್ತಿ, ಅಡಿಕೆಗೆ ಕೊಳೆರೋಗದ ಭಯ.

ಇಂತಿ ನಿನ್ನ,
ಬಿಳಿ ಶೂ ಗೆಳೆಯ