ಫಲಿತಾಂಶದ ಪಕ್ಕದಲ್ಲೇ ಶಿಕ್ಷಕರ ಲೆಕ್ಕವೂ ಪ್ರಕಟವಾಗಲಿ

ಮಾನ್ಯ ಸಂಪಾದಕರೆ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಜಿಲ್ಲೆಗಳ ಪಟ್ಟಿಯ ಕೆಳತುದಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಹೆಸರು ಕಾಣುವುದು ಈಗ ಯಾರಿಗೂ ಅಚ್ಚರಿಯ ಸಂಗತಿಯಲ್ಲ. 2024ರಲ್ಲಿ ಯಾದಗಿರಿ ಜಿಲ್ಲೆ ಶೇ 50.59 ಫಲಿತಾಂಶದೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಮರುವರ್ಷ ಶೇ 42.43ರೊಂದಿಗೆ ಆ ಸ್ಥಾನಕ್ಕೆ ಕಲಬುರಗಿ ಇಳಿಯಿತು. ಫಲಿತಾಂಶ ಕಡಿಮೆಯಾದ ಶಾಲೆಯ ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಬರುತ್ತದೆ. ಆದರೆ ಆ ಶಾಲೆಗೆ ಗಣಿತ ಕಲಿಸುವವರು ಯಾವ ತಿಂಗಳಲ್ಲಿ ಬಂದರು ಎಂದು ಯಾರೂ ಕೇಳುವುದಿಲ್ಲ.

ಶಹಾಪುರ ತಾಲ್ಲೂಕಿನ ನಮ್ಮೂರ ಸರ್ಕಾರಿ ಪ್ರೌಢಶಾಲೆ ತೀರ ಸಣ್ಣದು. ಹತ್ತನೇ ತರಗತಿಯಲ್ಲಿ ಇರುವುದೇ ಇಪ್ಪತ್ತು ಮಕ್ಕಳು, ಅಂದರೆ ಒಂದು ಮಗು ಅನುತ್ತೀರ್ಣವಾದರೆ ಶಾಲೆಯ ಫಲಿತಾಂಶ ಶೇ 5ರಷ್ಟು ಕುಸಿಯುತ್ತದೆ. ದೊಡ್ಡ ಶಾಲೆಯಲ್ಲಾದರೆ ಒಬ್ಬರು ವರ್ಗವಾಗಿ ಹೋದಾಗ ಅದೇ ವಿಷಯದ ಇನ್ನೊಬ್ಬರು ಎರಡು ವಿಭಾಗಗಳನ್ನು ಕೂಡಿಸಿಕೊಂಡಾದರೂ ಪಾಠ ನಡೆಸಬಹುದು. ಇಲ್ಲಿ ವಿಷಯಕ್ಕೊಬ್ಬರೇ ಇರುವುದರಿಂದ ಅವರು ಹೋದರೆ ಆ ವಿಷಯವೇ ನಿಂತುಹೋಗುತ್ತದೆ.

ಕಳೆದ ವರ್ಷ ಆದದ್ದೂ ಅದೇ. ಗಣಿತದ ಶಿಕ್ಷಕರು ವರ್ಗವಾದ ಮೇಲೆ ಅತಿಥಿ ಶಿಕ್ಷಕರು ಬಂದದ್ದು ಸೆಪ್ಟೆಂಬರಿನಲ್ಲಿ. ನೆರೆಮನೆಯ ಹುಡುಗಿಯ ನೋಟ್‌ಬುಕ್ ತೆರೆದು ನೋಡಿದೆ: ಸಮಾಂತರ ಶ್ರೇಢಿಯ ಮೊದಲ ಲೆಕ್ಕದ ಮೇಲೆಯೇ ಸೆಪ್ಟೆಂಬರ್ ತಿಂಗಳ ತಾರೀಖು, ಅಲ್ಲಿಂದ ಒಂದೇ ತಿಂಗಳಲ್ಲಿ ಮೂರು ಅಧ್ಯಾಯ, ನಡುನಡುವೆ ‘ಆಮೇಲೆ ಬರೆಸುತ್ತೇನೆ’ ಎಂದು ಬಿಟ್ಟ ಖಾಲಿ ಪುಟಗಳು. ಜನವರಿಯಿಂದ ‘ಪಾಸಿಂಗ್ ಪ್ಯಾಕೇಜ್’, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಆಯ್ದು ಕಲಿಸುವುದು, ಶುರುವಾಯಿತು. ಪ್ರಮೇಯವನ್ನು ಅವಳು ಒಂದಕ್ಷರ ತಪ್ಪದೆ ಬರೆದು ತೋರಿಸಿದಳು. ತ್ರಿಭುಜಕ್ಕೆ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಎಂದು ಹೆಸರಿಟ್ಟು ಕೊಟ್ಟಾಗ ಪೆನ್ನು ಕೆಳಗಿಟ್ಟಳು. ಅವಳು ದಡ್ಡಿಯಲ್ಲ. ಹತ್ತಿ ಬಿಡಿಸಿದ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಮನೆಮಂದಿಗೆಲ್ಲ ಬಾಯಲ್ಲೇ ಕೂಡಿಸಿ ಹೇಳುವವಳು ಅವಳೇ.

ಹತ್ತಿ ಬಿಡಿಸುವ, ತೊಗರಿ ರಾಶಿ ಮಾಡುವ ದಿನಗಳಲ್ಲಿ ಹಾಜರಾತಿ ಇಳಿಯುತ್ತದೆ, ಗುಳೆ ಹೋದ ಮನೆಗಳ ಮಕ್ಕಳು ತಡವಾಗಿ ಮರಳುತ್ತಾರೆ ಎಂಬುದು ನಿಜ, ಅದರಲ್ಲಿ ಪಾಲಕರಾದ ನಮ್ಮ ತಪ್ಪೂ ಇದೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ತಪ್ಪದೆ ಶಾಲೆಗೆ ಬಂದ ಮಗುವಿಗೆ ಆ ಮೂರು ತಿಂಗಳು ಗಣಿತದ ಅವಧಿಯಲ್ಲಿ ಸುಮ್ಮನೆ ಕುಳಿತದ್ದಷ್ಟೇ ದಕ್ಕಿದರೆ ಆ ತಪ್ಪು ಯಾರದು?

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು ದಶಕ ಕಳೆದಿದೆ. ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಹಲವೆಡೆ ಕೊಠಡಿಗಳು ಎದ್ದಿವೆ, ಅದಕ್ಕೆ ನಾವು ಕೃತಜ್ಞರು. ಕೊಠಡಿಯೊಳಗೆ ಕಲಿಸುವವರನ್ನು ಕಾಯಂ ನೇಮಕಾತಿ ಆಗುವವರೆಗೆ ಅತಿಥಿ ಶಿಕ್ಷಕರ ರೂಪದಲ್ಲಾದರೂ ಶಾಲೆ ಆರಂಭವಾಗುವ ದಿನವೇ ಒದಗಿಸಬೇಕು, ಅದಕ್ಕೆ ಬೇಕಾದ ಆದೇಶ ಮೇ ತಿಂಗಳೊಳಗೇ ಹೊರಬೀಳಬೇಕು. ವಿಷಯಕ್ಕೊಬ್ಬರೇ ಶಿಕ್ಷಕರಿರುವ ಶಾಲೆಯಿಂದ ವರ್ಗವಾದವರನ್ನು, ಬದಲಿ ಶಿಕ್ಷಕರು ಹಾಜರಾಗುವ ಮೊದಲು ಬಿಡುಗಡೆ ಮಾಡಬಾರದು. ಇಲಾಖೆಯು ಪ್ರತಿ ಶಾಲೆಯ ಶೇಕಡಾವಾರು ಫಲಿತಾಂಶದ ಪಕ್ಕದಲ್ಲಿ ಪರೀಕ್ಷೆಗೆ ಕುಳಿತ ಮಕ್ಕಳ ಸಂಖ್ಯೆಯನ್ನೂ ಖಾಲಿ ಇದ್ದ ವಿಷಯಗಳನ್ನೂ ಎಷ್ಟು ದಿನ ಖಾಲಿ ಇದ್ದವು ಎಂಬುದನ್ನೂ ಪ್ರಕಟಿಸಲಿ ಎಂದು ಕೋರುತ್ತೇನೆ.

– ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ